ಕಾಣದ ಕಡೆಯ ಕೆಲಸ

ತಾನು ಏರುವ ರಥವನ್ನು ತಾನೇ ಕಟ್ಟಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ಈ ಆಸೆಗೆ ತೆರಿಗೆಯೂ ನೆರವಾಯಿತೆಂದರೆ ವಾಚಕರು ನಗಬಹುದು. ಎರಡನೆಯ ಮಹಾಯುದ್ಧದ ತರುವಾಯ ಆ ದೇಶದಲ್ಲಿ ಹೊಸ ಮೋಟಾರು ಗಾಡಿಯ ಮೇಲೆ ಭಾರಿ ಕ್ರಯತೆರಿಗೆಯಿತ್ತು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಜೋಡಿಸಿಕೊಂಡವನಿಗೆ ಅದು ತಗಲುತ್ತಿರಲಿಲ್ಲ. ಕಾಲಿನ್ ಚ್ಯಾಪ್ಮನ್ ಎಂಬ ನಿರ್ಮಾಪಕನು 1957ರಲ್ಲಿ ಹೊರತಂದ ‘ಲೋಟಸ್ ಸೆವೆನ್’ ಗಾಡಿಯು ಹೀಗೆ ಪೆಟ್ಟಿಗೆಗಳಲ್ಲಿ ಬಂದು ಅನೇಕ ಮನೆಗಳ ಕೊಟ್ಟಿಗೆಗಳಲ್ಲಿ ರೂಪುತಳೆಯಿತು. 1973ರಲ್ಲಿ ಆ ತೆರಿಗೆ ಹೋಯಿತು. ಅದೇ ವರ್ಷ ಸೆವೆನ್ ಗಾಡಿಯನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾಯಿತು. ತೆರಿಗೆ ಹೋದರೂ ಚಟ ಹೋಗಲಿಲ್ಲ. ಈ ಬಗೆಯ ಗಾಡಿಗೆ ಕಿಟ್ ಕಾರೆಂದು ಹೆಸರು.

ಇಂಥ ಗಾಡಿಯ ಮುಖ್ಯಗುಣ ಲಾಘವ. ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಅಲ್ಯೂಮಿನಿಯಮ್ಮಿನ ತೆಳುತಗಡು. 1960ರಿಂದ ಸೆವೆನ್ನಿನ ಮೂತಿಯೂ ಗಾಲಿಯ ಮರೆಗಳೂ ಫೈಬರ್‌ಗ್ಲಾಸಿನವಾದುವು. ಎಂದರೆ, ಗಾಜಿನ ನಾರಿಗೆ ರಾಳವನ್ನು ಊಡಿಸಿ ಅಚ್ಚಿನಲ್ಲಿ ಗಟ್ಟಿಗೊಳಿಸಿದ ಹೊದಿಕೆ. ಊರೊಳಗಿನ ಮಂದಗತಿಗೆ ಇದು ಧಾರಾಳವಾಗಿ ಸಾಕು. ಆದರೆ ವೇಗವು ಹೆಚ್ಚಿದಂತೆಲ್ಲ ಗಾಡಿಗೆ ಎದುರಾಗುವ ವೈರಿ ರಸ್ತೆಯಲ್ಲ, ಗಾಳಿ.

ಗಾಳಿಯ ಲೆಕ್ಕ ವಿಚಿತ್ರವಾದುದು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ, ಗಾಳಿಗೆ ಎದುರಾಗಿ ನಿಂತ 1 ಚದರ ಮೀಟರು ಮೈಯ ಮೇಲೆ ಬೀಳುವ ಒತ್ತಡ ಸುಮಾರು 30 ಕಿಲೋಗ್ರಾಮು ತೂಕಕ್ಕೆ ಸಮ. ವೇಗವು 160ಕ್ಕೆ ಏರಿದರೆ ಒತ್ತಡವು ಇಮ್ಮಡಿಯಾಗುವುದಿಲ್ಲ. ನಾಲ್ಮಡಿಯಾಗಿ ಸುಮಾರು 120 ಕಿಲೋಗ್ರಾಮು ಆಗುವುದು. ಇಷ್ಟೇ ಆದರೆ ಸಹಿಸಬಹುದು. ಮೂತಿಯ ಬಾಯಿಂದ ನುಗ್ಗಿದ ಗಾಳಿ ಬಾನೆಟ್ಟಿನ ಕೆಳಗೆ ತುಂಬಿ ಮೇಲಕ್ಕೆ ಒತ್ತುತ್ತದೆ. ಬಾನೆಟ್ಟಿನ ಮೇಲೆ ಬಾಗಿ ಹರಿಯುವ ಗಾಳಿ ತನ್ನ ವೇಗದಿಂದಲೇ ಅಲ್ಲಿ ಒತ್ತಡವನ್ನು ತಗ್ಗಿಸುತ್ತದೆ. ಕೆಳಗಿನವನು ನೂಕುವನು, ಮೇಲಿನವನು ಸೆಳೆಯುವನು. ನಡುವೆ ಇರುವುದು ಬೆರಳಿನಿಂದ ಒತ್ತಿದರೆ ಬಾಗುವ ಒಂದು ಹಾಳೆ. ಅದು ಮೊದಲು ನಡುಗುತ್ತದೆ. ನಡುಗಿ ನಡುಗಿ ಬೋಲ್ಟಿನ ತೂತಿನ ಸುತ್ತ ನಕ್ಷತ್ರದಂತೆ ಕೂದಲೆಳೆಯ ಬಿರುಕು ಬಿಡುತ್ತದೆ. ಒಂದು ದಿನ ಕೊಂಡಿಯನ್ನು ಕಿತ್ತುಕೊಂಡು ಮೇಲೇಳುತ್ತದೆ. 160ರ ವೇಗದಲ್ಲಿ ಗಾಡಿಯು ಒಂದು ಸೆಕೆಂಡಿಗೆ 44 ಮೀಟರು ಓಡುವುದರಿಂದ, ಎದುರಿನ ನೋಟವನ್ನು ಬಾನೆಟ್ಟು ಮುಚ್ಚಿದ ಮೇಲೆ ಚಾಲಕನಿಗೆ ಆಲೋಚಿಸಲು ಎಷ್ಟು ಅವಕಾಶ ಉಳಿಯುವುದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇದಕ್ಕೆ ಮೊದಲು ತೋರುವ ಉಪಾಯ ಹೊದಿಕೆಯನ್ನು ದಪ್ಪಮಾಡುವುದು. ದಪ್ಪವನ್ನು ಇಮ್ಮಡಿಗೊಳಿಸಿದರೆ ಬಾಗದಿರುವ ಬಲವು ಎಂಟುಮಡಿಯಾಗುವುದು ನಿಜ. ಆದರೆ ತೂಕವೂ ಎರಡರಷ್ಟಾಗಿ, ಯಾವ ಲಾಘವಕ್ಕಾಗಿ ಗಾಡಿಯನ್ನು ಕಟ್ಟಿದರೋ ಅದೇ ಕೈಬಿಡುತ್ತದೆ. ಬಲ್ಲವರ ಮಾರ್ಗ ಬೇರೆ. ಬಾಳೆಯ ಎಲೆ ಎಷ್ಟು ತೆಳು, ಎಷ್ಟು ಅಗಲ! ಅದನ್ನು ಗಾಳಿಯಲ್ಲಿ ನೀಳವಾಗಿ ಹಿಡಿದಿರುವುದು ನಡುದಂಟು. ಊಟಕ್ಕೆ ಕುಳಿತವನು ಎಲೆಯ ನುಣ್ಣನೆಯ ಮೇಲ್ಮೈಯನ್ನು ಮಾತ್ರ ಕಾಣುತ್ತಾನೆ. ದಂಟು ಉಬ್ಬಿರುವುದು ಕೆಳಗೆ. ಕಿಟ್ ಕಾರಿನ ಹೊದಿಕೆಗೂ ಇದೇ ಉಪಾಯ. ಹೊದಿಕೆಯ ಒಳಮೈಯಲ್ಲಿ ಹಗುರವಾದ ನೊರೆದಿಂಡಿನ ಪಟ್ಟಿಯನ್ನಾಗಲಿ ಸೀಳಿದ ರಟ್ಟಿನ ಕೊಳವೆಯನ್ನಾಗಲಿ ಇಟ್ಟು, ಅದರ ಮೇಲೆ ಗಾಜಿನ ನಾರಿನ ಚಾಪೆಯನ್ನು ಎರಡು ಬದಿಗೂ ಹರಡುವಂತೆ ರಾಳದಿಂದ ಮೆತ್ತಿದರೆ ಒಂದು ಪಕ್ಕೆಲುಬು ಸಿದ್ಧವಾಗುತ್ತದೆ. ಸ್ವಲ್ಪವೇ ತೂಕ, ಬಹಳ ಬಿಗಿತ.

ಕೆಲಸ ಸುಲಭ; ಆದರೆ ಕಟ್ಟಳೆಗಳುಂಟು. ಒಳಮೈಯನ್ನು ಮರಳುಕಾಗದದಿಂದ ಉಜ್ಜಿ ಒರಟುಮಾಡದಿದ್ದರೆ ಪಕ್ಕೆಲುಬು ಅಂಟಿದಂತೆ ತೋರಿ ಮುಂದೆ ಬಿಟ್ಟುಕೊಳ್ಳುತ್ತದೆ. ಒಂದೇ ಸಲಕ್ಕೆ ದಪ್ಪನಾಗಿ ಮೆತ್ತಿದರೆ ರಾಳವು ಕಾದು, ಕುಗ್ಗಿ, ಹೊರಗಣ ಮೆರುಗಿನ ಮೇಲೆ ಬರೆ ಎಳೆದಂತೆ ಗೆರೆ ಮೂಡುತ್ತದೆ. ಪಕ್ಕೆಲುಬಿನ ತುದಿಯನ್ನು ಮೊಂಡಾಗಿ ನಿಲ್ಲಿಸದೆ ಇಳಿಜಾರಾಗಿ ಸವೆಸಬೇಕು. ಬಲವು ಥಟ್ಟನೆ ಮುಗಿಯುವೆಡೆಯಲ್ಲಿಯೇ ಬಿರುಕು ಹುಟ್ಟುವುದು. ಬೋಲ್ಟಿನ ಕೆಳಗೆ ಅಗಲವಾದ ಲೋಹದ ಬಿಲ್ಲೆಯಿಟ್ಟು ಭಾರವನ್ನು ಹರಡಬೇಕು. ಚ್ಯಾಪ್ಮನ್ನನೇ 1957ರಲ್ಲಿ ತೋರಿಸಿದ ‘ಲೋಟಸ್ ಎಲೀಟ್’ ಗಾಡಿಯಲ್ಲಿ ಮೈಯೆಲ್ಲ ಫೈಬರ್‌ಗ್ಲಾಸು. ಆದರೂ ಎಂಜಿನ್ನು ಕೂರುವಲ್ಲಿ ಉಕ್ಕನ್ನು ಒಳಗೆ ಅಂಟಿಸಿದ್ದರು. ಕಡೆಯದಾಗಿ, ಒಳಗೆ ಬಂದ ಗಾಳಿಗೆ ಹೊರಡುವ ಬಾಗಿಲನ್ನೂ ತೆರೆದಿಡಬೇಕು. ಅತಿಥಿಯನ್ನು ಕೂಡಿಹಾಕಿದ ಮೇಲೆ ಅವನು ಸೂರು ಎತ್ತಿದನೆಂದು ದೂರುವುದು ನ್ಯಾಯವಲ್ಲ.

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಗಾಡಿಯು ರಸ್ತೆಗಿಳಿಯುವ ಮುನ್ನ ಸರಕಾರದ ಪರೀಕ್ಷೆಗೆ ಒಳಗಾಗಬೇಕು. 2009ರಿಂದ ಅದಕ್ಕೆ ಐವಿಎ ಎಂದು ಹೆಸರು. ಪರೀಕ್ಷಕನು ಬ್ರೇಕು, ಚುಕ್ಕಾಣಿ, ದೀಪ, ಆಸನದ ಪಟ್ಟಿ, ಚೂಪಾದ ಅಂಚು ಮುಂತಾದುವನ್ನು ನೋಡುತ್ತಾನೆ. ಬಾನೆಟ್ಟಿನ ಒಳಮೈಯ ಪಕ್ಕೆಲುಬು ರೇಸಿನ ವೇಗದ ಗಾಳಿಗೆ ಸರಿಯಾಗಿ ಅಂಟಿದೆಯೇ ಎಂಬುದಕ್ಕೆ ಕಟ್ಟಿದವನೊಬ್ಬನೇ ಸಾಕ್ಷಿ. ಕಾರ್ಖಾನೆಯ ಗಾಡಿಯಲ್ಲಿ ದೋಷಕ್ಕೆ ಹತ್ತು ಜನ ಪಾಲುಗಾರರು. ಇಲ್ಲಿ ಕರ್ತೃವೂ ಭೋಕ್ತೃವೂ ಒಬ್ಬನೇ. ಒಬ್ಬನೇ ಎಂದರೂ ತಪ್ಪು. ಪಕ್ಕದ ಆಸನದಲ್ಲಿ ಮಗನೋ ಮಡದಿಯೋ ನಂಬಿ ಕುಳಿತಿರುತ್ತಾರೆ. ಎದುರಿನಿಂದ ಅನ್ಯರ ಗಾಡಿಗಳು ಬರುತ್ತಿರುತ್ತವೆ.

ಶಾಸ್ತ್ರಕಾರರಲ್ಲಿ ಸ್ಥೂಣಾನಿಖನನ ನ್ಯಾಯವೆಂಬುದೊಂದುಂಟು. ಕಂಬವನ್ನು ನೆಟ್ಟವನು ಅದನ್ನು ಮರಳಿ ಮರಳಿ ಅಲ್ಲಾಡಿಸಿ ನೋಡುವನಂತೆ, ಕೆಡಹುವುದಕ್ಕಲ್ಲ, ಭದ್ರಪಡಿಸುವುದಕ್ಕೆ. ಮೂರು ಚಳಿಗಾಲ ದುಡಿದು ಗಾಡಿಯನ್ನು ಮುಗಿಸಿದ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಬಣ್ಣ ಒಣಗಿದೆ, ನೆರೆಯವರು ನೋಡಿ ಹೊಗಳಿಹೋಗಿದ್ದಾರೆ, ನಾಳೆ ಮೊದಲ ಸವಾರಿ. ರಾತ್ರಿ ಅವನು ದೀಪ ಹಿಡಿದು ಬಾನೆಟ್ಟನ್ನೆತ್ತಿ, ಪಕ್ಕೆಲುಬುಗಳನ್ನು ಒಂದೊಂದಾಗಿ ನಾಣ್ಯದಿಂದ ತಟ್ಟುತ್ತಾನೆ. ಎಲ್ಲವೂ ಗಣಗಣಿಸುತ್ತವೆ, ಒಂದು ಮಾತ್ರ ಬೊದ್ದಾಗಿ ನುಡಿಯುತ್ತದೆ. ಹೊರಗಿನಿಂದ ಅದು ಯಾರಿಗೂ ಕಾಣದು. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾನೆ. ಆಮೇಲೆ ಅಂಗಿಯ ತೋಳನ್ನು ಮಡಿಸಿ, ಅದನ್ನು ಕಿತ್ತು ತೆಗೆದು, ಮರಳುಕಾಗದವನ್ನು ಕೈಗೆತ್ತಿಕೊಳ್ಳುತ್ತಾನೆ. ಸವಾರಿ ಒಂದು ವಾರ ಮುಂದಕ್ಕೆ ಹೋಗುತ್ತದೆ. ಗಾಡಿ ಅವನದಾದುದು ಆ ರಾತ್ರಿಯೇ.