ಬೇರಿಂಗ್ ಗಾಡಿ ಮತ್ತು ಮಗಳ ಹಲಗೆ

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಮಗಳು ಸೂಟ್‌ಕೇಸಿಗಿಂತ ಮೊದಲು ಒಂದು ಹಲಗೆಯನ್ನು ಮನೆಯೊಳಗೆ ತಂದಿಟ್ಟಳು. 38 ಇಂಚು ಉದ್ದ, ಕೆಳಗೆ ನಾಲ್ಕು ಗಾಲಿ. 'ಲಾಂಗ್‌ಬೋರ್ಡ್ ಮಮ್ಮಿ. ಮೊದಲ್ನೇ ಪಗಾರದಾಗ ತಗೊಂಡೀನಿ' ಎಂದಳು. ಬೆಲೆ ಕೇಳಿ ಸುಮ್ಮನಾದೆ. ನಾನು ಶಾಲೆಗೆ ಸೇರಿದ ವರ್ಷ ಹನ್ನೆರಡು ತಿಂಗಳ ಪಗಾರ ಕೂಡಿಸಿದ್ದರೂ ಅಷ್ಟಾಗುತ್ತಿತ್ತೋ ಇಲ್ಲವೋ.

ಕಲಬುರಗಿಯ ನಮ್ಮ ಮನೆಯ ಅಂಗಳಕ್ಕೆ ಶಹಾಬಾದಿ ಪರಸಿ ಹಾಸಿದೆ. ಅಲ್ಲಿ ಹಲಗೆಯನ್ನು ಮಗುಚಿ ಹಾಕಿಕೊಂಡು ನನಗೆ ಪಾಠ ಹೇಳಿದಳು. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಕೇಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ನೀವು ಬಲ್ಲಿರಿ. ತೆಳುವಾದ ಕಟ್ಟಿಗೆಯ ಪದರುಗಳನ್ನು ಅಂಟಿಸಿ ಒತ್ತಿ ಮಾಡಿದ ಹಲಗೆ. ನಡುವೆ ತುಸು ತಗ್ಗು, ಅಂಚು ಮೇಲೆ. ಕಾಲು ಎಲ್ಲಿದೆ ಎಂಬುದು ನೋಡದೆಯೇ ಪಾದಕ್ಕೆ ತಿಳಿಯಬೇಕಂತೆ. ಗಾಲಿ ಹಿಡಿದಿರುವ ಲೋಹದ ಭಾಗಕ್ಕೆ ಟ್ರಕ್ ಎಂದು ಹೆಸರು. ನಮಗೆ ಟ್ರಕ್ ಎಂದರೆ ಹುಮನಾಬಾದ್ ರಸ್ತೆಯ ಲಾರಿ! ಹಲಗೆಯ ಒಂದು ಅಂಚಿಗೆ ಭಾರ ಹಾಕಿದರೆ ಟ್ರಕ್ಕಿನೊಳಗಿನ ರಬ್ಬರಿನಂಥ ಬುಶ್ ಅದುಮಿಕೊಂಡು, ಗಾಲಿಗಳು ಆ ಕಡೆಗೆ ಹೊರಳುತ್ತವೆ.

'ಬ್ರೇಕ್ ಎಲ್ಲ್ಯದ?' ಎಂದೆ.

'ಬ್ರೇಕ್ ಇಲ್ಲ ಮಮ್ಮಿ.'

ಗಾಲಿಯ ಹೊಟ್ಟೆಯಲ್ಲಿ ಏನಿದೆ ಎಂದು ಮಾತ್ರ ಅವಳು ಹೇಳಬೇಕಾಗಲಿಲ್ಲ. ಬೇರಿಂಗ್. ಒಂದು ಗಾಲಿಗೆ ಎರಡರಂತೆ ಎಂಟು.

ನನ್ನ ತವರು ಕಮಲಾಪುರ. ಈಗ ತಾಲೂಕು, ಆಗ ಕಲಬುರಗಿಯೂ ಗುಲಬರ್ಗಾ, ಕಮಲಾಪುರ ಅದರದೊಂದು ಹಳ್ಳಿ. 1979ರಲ್ಲಿ ನನ್ನ ಅಣ್ಣ ಮತ್ತು ಅವನ ಗೆಳೆಯರು ಗ್ಯಾರೇಜಿನವರು ಬಿಸಾಡಿದ ಬೇರಿಂಗುಗಳನ್ನು ಆಯ್ದು ತಂದು, ಕಟ್ಟಿಗೆಯ ತುಂಡಿಗೆ ಸಿಕ್ಕಿಸಿ, ಮೇಲೆ ಹಲಗೆ ಬಡಿದು ಗಾಡಿ ಮಾಡಿದ್ದರು. ಬೇರಿಂಗೇ ಗಾಲಿ. ಹೊಲದ ದಾರಿಯ ಇಳಕಲಿನಲ್ಲಿ ಅದು ಗರಗರ ಸದ್ದು ಮಾಡುತ್ತ ಹೊರಟರೆ ಎಮ್ಮೆಗಳು ಹಗ್ಗ ಹರಿಯುತ್ತಿದ್ದವು. ಹುಡುಗಿಯರ ಪಾಳಿ ಎಂಬುದಿರಲಿಲ್ಲ. ನೂಕುವ ಕೆಲಸ ನಮ್ಮದು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನೇ ಗಾಡಿಯನ್ನು ಎಳೆದುಕೊಂಡು ಹೋಗಿ ಕೂತೆ. ಇಳಿದೆ. ನಿಲ್ಲಿಸುವುದು ಗೊತ್ತಿರಲಿಲ್ಲ. ಗದ್ದಕ್ಕೆ ನಾಲ್ಕು ಹೊಲಿಗೆ ಬಿದ್ದವು.

ಆಯಿ ಅಂದೇ ಅಪ್ಪಣೆ ಮಾಡಿದಳು: 'ಬಾವಿ ಪಾವಟಿಗಿ ಮ್ಯಾಲಿಂದ ಬಿದ್ದಾಳಂತ ಹೇಳ್ರಿ.' ನೀರಿಗೆ ಹೋಗಿ ಬಿದ್ದ ಹುಡುಗಿಗೆ ಗಂಡು ಸಿಗುತ್ತಾನೆ, ಗಾಡಿಯಿಂದ ಬಿದ್ದವಳಿಗೆ ಸಿಗುವುದಿಲ್ಲ ಎಂಬುದು ಅವಳ ಲೆಕ್ಕ. ಕನ್ಯೆ ನೋಡಲು ಬಂದವರಿಗೂ ಬಾವಿಯ ಕತೆಯನ್ನೇ ಹೇಳಿದೆವು. ಅವರಲ್ಲೊಬ್ಬರನ್ನು ಮದುವೆಯಾಗಿ ಮೂವತ್ತು ವರ್ಷವಾದರೂ ಆ ಬಾವಿಯನ್ನು ನಾನು ಮುಚ್ಚಿರಲಿಲ್ಲ.

ಅಂಗಳದಲ್ಲಿ ಮಗಳ ಹೆಗಲು ಹಿಡಿದು ಹಲಗೆಯ ಮೇಲೆ ನಿಂತೆ. ಮೊದಲು ಅನಿಸಿದ್ದು ಅದರ ಮೌನ. ಪರಸಿಯ ಸಂದುಗಳ ಮೇಲೆ ಕಬ್ಬಿಣ ಹೋಗಿದ್ದರೆ ಹಲ್ಲು ಕಟಕಟ ಅನ್ನುತ್ತಿದ್ದವು; ಇವು 70 ಮಿಲಿಮೀಟರಿನ ಮೆತ್ತನೆಯ ಯುರಿಥೇನ್ ಗಾಲಿಗಳು, ಸಂದು ಬಂದದ್ದು ಅಂಗಾಲಿಗೆ ಸಣ್ಣಗೆ ತಿಳಿಯಿತು ಅಷ್ಟೆ. ಅಮೆರಿಕದಲ್ಲಿಯೂ ಮೊದಲು ಕಬ್ಬಿಣ, ಆಮೇಲೆ ಒಂದು ಬಗೆಯ ಮಣ್ಣಿನ ಗಾಲಿಗಳಿದ್ದವಂತೆ. 1970ರ ದಶಕದ ಮೊದಲಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬಾತ ಯುರಿಥೇನ್ ತಂದ ಮೇಲೆ ಈ ಆಟದ ದಿಕ್ಕೇ ಬದಲಾಯಿತು. ನಾನು ಎಡಕ್ಕೆ ನೋಡಿದೆ, ಹಲಗೆ ಎಡಕ್ಕೆ ಹೋಯಿತು. ಅದಕ್ಕೆ ನಾನೇನೂ ಹೇಳಿರಲಿಲ್ಲ. ನನ್ನ ಹೆದರಿಕೆ ಎತ್ತ ವಾಲಿತೋ ಅತ್ತ ಅದು ಹೊರಳಿತು. ತುಳಸಿಕಟ್ಟೆಯ ಹತ್ತಿರ ಕಿರುಚಿ ಇಳಿದುಬಿಟ್ಟೆ.

'ಗದ್ದದ ಕಲಿ ಮತ್ತ ಒಡೀಬ್ಯಾಡ' ಎಂದು ನಕ್ಕಳು. 'ಬಾವಿ ಆಳ ಎಷ್ಟಿತ್ತು ಮಮ್ಮಿ?'

'ಬಾವಿ ಇರಲಿಲ್ಲ' ಎಂದೆ. ಒಳಗೆ ಪೇಪರು ಓದುತ್ತಿದ್ದವರು ಪೇಪರು ಕೆಳಗಿಳಿಸಿದ್ದು ಕಿಟಕಿಯಿಂದ ಕಾಣಿಸಿತು. ಏನೂ ಅನ್ನಲಿಲ್ಲ. ಪಾಪ, ಏನಂದಾರು?

ಭಾನುವಾರ ಕಮಲಾಪುರಕ್ಕೆ ಹೋದೆವು. ಅಣ್ಣ ಕೆಂಪು ಬಾಳೆಹಣ್ಣಿನ ಗೊನೆ ಇಳಿಸಿ ಇಟ್ಟಿದ್ದ. ಹಳೆಯ ಹೊಲದ ದಾರಿಗೆ ಈಗ ಡಾಂಬರು ಬಂದಿದೆ. ಬೆಳಗಿನ ಆರಕ್ಕೆ ಅಣ್ಣನನ್ನು ಕೆಳಗಿನ ತಿರುವಿನಲ್ಲಿ ಕಾವಲು ನಿಲ್ಲಿಸಿ, ಮಗಳು ಹೆಲ್ಮೆಟ್, ಮೊಣಕಾಲು ಪಟ್ಟಿ, ಅಂಗೈಯಲ್ಲಿ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಯಿದ್ದ ಕೈಗವುಸು ಹಾಕಿಕೊಂಡಳು. 'ಬ್ಯಾಡ' ಎಂಬ ಮಾತು ನನ್ನ ನಾಲಗೆಯ ಮೇಲೆ ಬಂದಿತ್ತು. ಅದು ಆಯಿಯ ದನಿಯಲ್ಲೇ ಇತ್ತು. ನುಂಗಿಕೊಂಡೆ.

ಹೊರಟಳು. ನಡುದಾರಿಯಲ್ಲಿ ಕುಕ್ಕರುಗಾಲಿಗೆ ಬಂದು, ಒಂದು ಕೈಯನ್ನು ನೆಲಕ್ಕೂರಿ, ಹಲಗೆಯನ್ನು ದಾರಿಗೆ ಅಡ್ಡವಾಗಿ ತಿರುಗಿಸಿದಳು. ಗಾಲಿಗಳು ಉರುಳದೆ ಜಾರಿದವು, ಬಟ್ಟೆ ಹರಿದಂಥ ಸದ್ದು, ವೇಗ ಇಳಿಯಿತು. ನನ್ನ ಕಣ್ಣು ಮುಚ್ಚಿತ್ತೆಂದು ಆಮೇಲೆ ತಿಳಿಯಿತು, ತೆರೆದಾಗ ಅವಳು ಅಣ್ಣನ ಪಕ್ಕದಲ್ಲಿ ನಿಂತಿದ್ದಳು. ಹೀಗೆ ಜಾರಿಸುತ್ತ ಇಳಿಯುವುದು ಫ್ರೀರೈಡ್, ವೇಗಕ್ಕಾಗಿಯೇ ಇಳಿಯುವುದು ಡೌನ್‌ಹಿಲ್. ಮೊದಲ ಎರಡು ತಿಂಗಳು ನಿಲ್ಲಿಸುವುದನ್ನೇ ಕಲಿತಳಂತೆ. 1979ರಲ್ಲಿ ನನಗೆ ಅದನ್ನು ಹೇಳಿಕೊಡುವವರು ಯಾರಿದ್ದರು? 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಸ್ಕೇಟ್‌ಬೋರ್ಡಿಂಗ್‌ನಲ್ಲಿ ಚಿನ್ನ ಗೆದ್ದ ಮೊಮಿಜಿ ನಿಶಿಯಾಗೆ 13 ವರ್ಷ, ನನ್ನ ಎಂಟನೆಯ ತರಗತಿಯ ಹುಡುಗಿಯರ ವಯಸ್ಸು. ಬೆಂಗಳೂರಿನ ಅತಿತಾ ವರ್ಗೀಸ್ 2015ರಲ್ಲಿ ಹುಡುಗಿಯರಿಗಾಗಿಯೇ 'ಗರ್ಲ್ ಸ್ಕೇಟ್ ಇಂಡಿಯಾ' ಶುರು ಮಾಡಿದ್ದಾರೆ.

ಕೊನೆಗೆ ಹೆಲ್ಮೆಟ್ ಹಾಕಿಕೊಂಡು, ನಿಂತಲ್ಲ, ಹಳೆಯ ಗಾಡಿಯ ಮೇಲಿನಂತೆ ಕೂತೆ, ಸೀರೆ ಕಚ್ಚಿ ಹಾಕಿ. ಇಳಕಲಿನ ಕೊನೆಯ ಹತ್ತು ಮಾರು ಮಾತ್ರ. ಗಾಳಿ ಕಿವಿಗೆ ಬಂತು. ಹಿಮ್ಮಡಿ ಊರಿದೆ, ನಿಂತಿತು.

ಅಣ್ಣ ಸೊಂಟ ಹಿಡಿದುಕೊಂಡು ಬಂದ. 'ಸರಿ ತಂಗಿ, ಈಗ ನನ್ನ ಪಾಳಿ.'

'ಇನ್ನೊಮ್ಮೆ ಹೋಗಿ ಬಂದು ಕೊಡ್ತೀನಿ ತಡಿ. ಮ್ಯಾಲಿನ ತನಕ ಹಲಗಿ ಹೊರು' ಎಂದೆ.