‘ಅನುಮತಿಸಿ’ ಎಂಬ ಗುಂಡಿಯ ಬೆಲೆ

ರಾತ್ರಿ ಒಂಬತ್ತರ ಹೊತ್ತು. ಎಸ್‌ಎಸ್‌ಎಲ್‌ಸಿ ಹುಡುಗನೊಬ್ಬ ನಿಮ್ನ ಮಸೂರದ ಲೆಕ್ಕ ಮಾಡುತ್ತ ಕುಳಿತಿದ್ದಾನೆ. ಪಕ್ಕದಲ್ಲಿದ್ದ ಅಮ್ಮನ ಮೊಬೈಲು ‘ಟಿಂಗ್’ ಎನ್ನುತ್ತದೆ. ‘ನಿಮ್ಮ ಫೋನಿಗೆ ವೈರಸ್ ತಗುಲಿದೆ, ಕೂಡಲೇ ಇಲ್ಲಿ ಒತ್ತಿ.’ ಹುಡುಗ ಗಾಬರಿಯಿಂದ ಒತ್ತುತ್ತಾನೆ.

“ಏನೋ ಅದು?”

“ತಾನಾಗೇ ಬಂತಮ್ಮ, ನಾನೇನೂ ಮಾಡಿಲ್ಲ.”

ಹುಡುಗ ಸುಳ್ಳು ಹೇಳುತ್ತಿಲ್ಲ, ಮರೆತಿದ್ದಾನೆ ಅಷ್ಟೆ. ಮೂರು ವಾರದ ಹಿಂದೆ ಹಳೆಯ ಪ್ರಶ್ನೆಪತ್ರಿಕೆ ಹುಡುಕುವಾಗ ಯಾವುದೋ ಜಾಲತಾಣ, ‘ನೀವು ರೋಬಾಟ್ ಅಲ್ಲವೆಂದು ತೋರಿಸಲು ಅನುಮತಿಸಿ ಎಂಬುದನ್ನು ಒತ್ತಿ’ ಎಂದಿತ್ತು. ಒತ್ತಿದ್ದ. ತಾಣ ಅದನ್ನು ಮರೆತಿರಲಿಲ್ಲ.

ಒತ್ತಿದ ಕ್ಷಣ ಬ್ರೌಸರ್ ಆ ತಾಣಕ್ಕೊಂದು ವಿಳಾಸ ಬರೆದುಕೊಡುತ್ತದೆ. ಮನೆಯ ವಿಳಾಸವಲ್ಲ, ಫೋನ್ ನಂಬರೂ ಅಲ್ಲ. ಅಕ್ಷರ, ಅಂಕಿಗಳ ಉದ್ದನೆಯ ಸರ. ಆಮೇಲೆ ತಾಣವನ್ನು ತೆರೆಯದಿದ್ದರೂ ಅದರ ಸಂದೇಶ ಬರುತ್ತಲೇ ಇರುತ್ತದೆ. ಆಪಲ್ ಕಂಪನಿ 2009ರಲ್ಲಿ ತನ್ನ ಫೋನುಗಳಲ್ಲಿ ಆ್ಯಪ್‌ಗಳಿಗಾಗಿ ಇಂಥ ಸೇವೆ ಆರಂಭಿಸಿತು. 2015ರಲ್ಲಿ ಕ್ರೋಮ್ ಬ್ರೌಸರ್ ಜಾಲತಾಣಗಳಿಗೂ ಈ ಬಾಗಿಲು ತೆರೆಯಿತು. ಸುದ್ದಿಗೆ, ಬ್ಯಾಂಕಿನ ಸೂಚನೆಗೆ ಇದು ಉಪಕಾರಿಯೇ ಸರಿ.

ಆದರೆ ವಿಳಾಸಗಳ ಪಟ್ಟಿಯೇ ಸರಕಾಯಿತು. ಜಾಹೀರಾತು ಜಾಲಗಳು ಇಂಥ ಪಟ್ಟಿಗಳನ್ನು ಕೂಡಿಹಾಕಿ, ಒಂದೊಂದು ಒತ್ತಿಗೆ ಇಷ್ಟೆಂದು ಹರಾಜು ಹಾಕುತ್ತವೆ. ಹೊಸದಾಗಿ ಸೇರಿದವನಿಗೆ ಬೆಲೆ ಹೆಚ್ಚು, ಏಕೆಂದರೆ ಅವನಿನ್ನೂ ಕುತೂಹಲದಿಂದ ಒತ್ತುತ್ತಾನೆ. ದಿನ ಕಳೆದಂತೆ ನೋಡದೆಯೇ ಸರಿಸಿಬಿಡುತ್ತಾನೆ, ಬೆಲೆ ಇಳಿಯುತ್ತದೆ. (ವಿಕಿರಣಶೀಲ ವಸ್ತುವಿನ ಹಾಗೆ ಎನ್ನೋಣವೆಂದರೆ ಇದಕ್ಕೆ ಗೊತ್ತಾದ ಅರ್ಧಾಯುವಿಲ್ಲ.)

ಒತ್ತಿದವರೆಲ್ಲ ಕೊಳ್ಳುವವರಲ್ಲ ಎಂಬುದು ವ್ಯಾಪಾರಿಗೆ ಗೊತ್ತು. ನೂರು ಜನ ಒತ್ತಿ ಒಬ್ಬನೂ ಕೊಳ್ಳದಿದ್ದರೆ ಆ ಒತ್ತುಗಳಿಂದ ಬಂದದ್ದೇನು? ಗಾಬರಿಯಿಂದಲೋ ಕೈತಪ್ಪಿಯೋ ಒತ್ತಿದವನು ಮರುಕ್ಷಣವೇ ಮುಚ್ಚುತ್ತಾನೆ. ಹಾಗಾಗಿ ಮರ್ಯಾದಸ್ಥ ವ್ಯಾಪಾರಿ ಇಂಥ ಪಟ್ಟಿಗೆ ಹೆಚ್ಚು ಹಣ ಸುರಿಯುವುದಿಲ್ಲ. ಅಗ್ಗವಾದ ಪಟ್ಟಿ ಯಾರ ಕೈಸೇರುತ್ತದೆ? ವೈರಸ್ಸಿನ ಭಯ ಹುಟ್ಟಿಸುವವರು, ಐದು ನಿಮಿಷದಲ್ಲಿ ಸಾಲ ಎನ್ನುವವರು, ಜೂಜಿನವರು. ಸಾವಿರ ಜನರಲ್ಲಿ ಇಬ್ಬರು ಸಿಕ್ಕಿಬಿದ್ದರೂ ಅವರಿಗೆ ಲಾಭ. ಆ ಇಬ್ಬರಲ್ಲಿ ಒಬ್ಬ ಹತ್ತನೆಯ ತರಗತಿಯವನೂ ಆಗಿರಬಹುದು.

ಪುಣ್ಯಕ್ಕೆ ಈ ಹುಡುಗ ಏನನ್ನೂ ಇಳಿಸಿಕೊಳ್ಳಲಿಲ್ಲ. ತಾಯಿ, ಮಗ ಇಬ್ಬರೂ ಕುಳಿತು ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಅಧಿಸೂಚನೆಗಳ ಪಟ್ಟಿ ತೆರೆದರು. ಹದಿನಾಲ್ಕು ತಾಣಗಳಿದ್ದವು. ಅವುಗಳಲ್ಲಿ ಐದಕ್ಕೆ ಅಮ್ಮನೇ ಅನುಮತಿ ಕೊಟ್ಟಿದ್ದರು. “ಅಡುಗೆ ನೋಡೋಕೆ ಹೋಗಿದ್ದೆ ಕಣೋ” ಎಂದರು. ಹದಿನಾಲ್ಕನ್ನೂ ನಿರ್ಬಂಧಿಸಿ ಮೊಬೈಲನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಬರುವ ಹೊತ್ತಿಗೆ ಹತ್ತು ಗಂಟೆ. ಲೆಕ್ಕ ಇನ್ನೂ ಹಾಗೇ ಇತ್ತು. ಸಂಗಮದೂರಕ್ಕೆ ಋಣಚಿಹ್ನೆ ಹಾಕುವುದು ಮರೆತಿತ್ತು.