ಇಕ್ಕಟ್ಟು ಯಾರಿಗೆ?

ನಮ್ಮ ಕೇರಿ ಇರುವುದು ಕೋಲಾರ ಜಿಲ್ಲೆಯಲ್ಲಿ. ಊರಿಂದಾಚೆ, ಕೆರೆ ಕೋಡಿ ಹರಿಯುವ ತಗ್ಗಿನಲ್ಲಿ, ಒಂದು ಎಕರೆ ಜಾಗದಲ್ಲಿ ಐವತ್ತು ಮನೆ. ಒಬ್ಬರ ಮನೆಯ ಗೋಡೆಯೇ ಇನ್ನೊಬ್ಬರ ಮನೆಗೂ ಗೋಡೆ. ನಮ್ಮದು ಎಂಟು ಜನ ಮಲಗುವ ಒಂದಂಕಣದ ಮನೆ. ಬೇಸಿಗೆಯಲ್ಲಾದರೆ ಬೀದಿಗೆ ಚಾಪೆ ಹಾಸುತ್ತಿದ್ದೆವು. ಮಳೆಗಾಲದಲ್ಲಿ ಒಬ್ಬರು ಮಗ್ಗುಲು ಬದಲಿಸಿದರೆ ಎಂಟು ಜನವೂ ಬದಲಿಸಬೇಕು. ಆ ಮನೆಯ ಮುಂದೆ ನಿಂತು ಊರಿನ ದೊಡ್ಡವರೊಬ್ಬರು ನಮ್ಮಪ್ಪನಿಗೆ ಅಂದದ್ದು ಇವತ್ತಿಗೂ ನಮ್ಮ ಕಿವಿಯಲ್ಲಿದೆ: "ಏನ್ಲಾ, ನೀವು ಹಿಂಗೆ ಹೆಚ್ಕೊಂಡು ಹೋದ್ರೆ ಊರು ತುಂಬೋಗಲ್ವಾ?" ಅವರ ತೋಟ ನಲವತ್ತು ಎಕರೆ. ಮನೆಯಲ್ಲಿ ಇದ್ದವರು ನಾಲ್ಕು ಜನ. ಒಂದು ಎಕರೆಯಲ್ಲಿ ಮುನ್ನೂರು ಜನ ಒತ್ತಿಕೊಂಡು ಬಿದ್ದಿದ್ದ ನಾವು ಊರು ತುಂಬಿಸುವವರು. ನಲವತ್ತು ಎಕರೆಯವರು ಊರಿನವರು.

ಅದೇ ಮಾತು ಮತ್ತೆ ನಮ್ಮ ಕಿವಿಗೆ ಬಿದ್ದದ್ದು ಸಿಂಗಾಪುರದಿಂದ.

ನಮ್ಮ ತಮ್ಮ 2012ರಲ್ಲಿ ಅಲ್ಲಿಗೆ ಕಟ್ಟಡ ಕೆಲಸಕ್ಕೆ ಹೋದ. ಕೆಜಿಎಫ್ ಕಡೆಯ ನೆಂಟರ ಮನೆಯಲ್ಲಿ ಬೆಳೆದವನು, ತಮಿಳು ಚೆನ್ನಾಗಿ ಬರುತ್ತಿತ್ತು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಕಡೆಯ ಜನ ಕತ್ತಲಲ್ಲೇ ಎದ್ದು ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವುದನ್ನು ನೋಡಿದ್ದ. ಇವನು ಇನ್ನೂ ದೂರ ಹೋದ. ಚೆನ್ನೈನ ಏಜೆಂಟನಿಗೆ ಕಟ್ಟಲು ಅಮ್ಮನ ಓಲೆ ಮಾರಿ, ಮೇಲೆ ಬಡ್ಡಿ ಸಾಲ ತಂದು, ಎರಡೂವರೆ ಲಕ್ಷ ಹೊಂದಿಸಿದೆವು. ಅಲ್ಲಿ ದಿನಕ್ಕೆ 18 ಡಾಲರು ಕೂಲಿ. ಮೊದಲ ಎರಡು ವರ್ಷ ದುಡಿದದ್ದೆಲ್ಲ ಸಾಲಕ್ಕೇ ಹೋಯಿತು.

ಸಿಂಗಾಪುರ ಅಂದರೆ ನಮ್ಮವರಿಗೆ ಒಂದು ಕನಸು. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ 1999-2004ರ ಕಾಲದಲ್ಲಿ ಬೆಂಗಳೂರನ್ನು ಸಿಂಗಾಪುರ ಮಾಡುವ ಮಾತು ಮನೆಮನೆಗೂ ತಲುಪಿತ್ತು. ಆ ದೇಶದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರು. 2007ರಲ್ಲಿ ಮಹಾನಗರ ಪಾಲಿಕೆ ದೊಡ್ಡದಾದಾಗ ಬೆಂಗಳೂರು ಎಷ್ಟಿತ್ತೋ ಹೆಚ್ಚೂಕಡಿಮೆ ಅಷ್ಟೇ. ಅಷ್ಟು ನೆಲದಲ್ಲಿ 2000ದಲ್ಲಿ 40 ಲಕ್ಷ ಜನ ಇದ್ದರು, 2010ಕ್ಕೆ 50 ಲಕ್ಷ, 2024ಕ್ಕೆ 60 ಲಕ್ಷ. ಅದರಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಮಂದಿ ಕೆಲಸಕ್ಕೋ ಓದಿಗೋ ಬಂದ ಪರದೇಶದವರು. ದೇಶದೊಳಗೆ ಮಕ್ಕಳು ಹುಟ್ಟುವುದು ತೀರಾ ಕಡಿಮೆಯಾಗಿದೆ. ಹೊರಗಿನವರಿಲ್ಲದೆ ಒಂದು ಕಟ್ಟಡ ಏಳುವುದಿಲ್ಲ, ಒಂದು ಹಡಗು ರಿಪೇರಿಯಾಗುವುದಿಲ್ಲ.

2013ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಒಂದು ಶ್ವೇತಪತ್ರ ಹೊರಡಿಸಿತು. 2030ರ ಹೊತ್ತಿಗೆ ಜನಸಂಖ್ಯೆ 65ರಿಂದ 69 ಲಕ್ಷ ಆಗಬಹುದು ಎಂದು ಅದರಲ್ಲಿತ್ತು. ಜನ ರೇಗಿದರು. ಫೆಬ್ರವರಿ 16ರಂದು ಹಾಂಗ್ ಲಿಮ್ ಪಾರ್ಕಿನಲ್ಲಿ ಸಾವಿರಾರು ಮಂದಿ ಸೇರಿದರು. ಪ್ರತಿಭಟನೆ ಎಂದರೆ ಸರ್ಕಾರದ ಕಡೆ ತಿರುಗಿ ನೋಡುವ ಆ ದೇಶದಲ್ಲಿ ಅದು ಸಣ್ಣ ಮಾತಲ್ಲ. ಸಿಂಗಾಪುರ ಸಿಂಗಾಪುರದವರಿಗೆ ಎಂಬ ಕೂಗೂ ಅಲ್ಲಿ ಎದ್ದಿತು.

ಅವರ ಸಂಕಟವನ್ನು ನಾವು ಹಗುರ ಮಾಡುವುದಿಲ್ಲ. ರೈಲಿನಲ್ಲಿ ಕಾಲಿಡಲು ಜಾಗವಿಲ್ಲ ಅಂದರು. ನಿಜ. 2011ರ ಡಿಸೆಂಬರಿನಲ್ಲಿ ಎರಡು ದಿನ ರೈಲು ಕೆಟ್ಟು ನಿಂತು ಸಾವಿರಾರು ಜನ ಸುರಂಗದಲ್ಲಿ, ಸ್ಟೇಷನ್ನಿನಲ್ಲಿ ಒದ್ದಾಡಿದ್ದರು. ಮನೆ ಬೆಲೆ ಏರಿತು ಅಂದರು. ಅದೂ ನಿಜ. ಕಡಿಮೆ ಕೂಲಿಗೆ ಹೊರಗಿನವರು ಸಿಗುವಾಗ ನಮ್ಮ ಕೂಲಿ ಯಾರು ಏರಿಸುತ್ತಾರೆ ಅಂದರು. ಇದಂತೂ ನೂರಕ್ಕೆ ನೂರು ನಿಜ. ಎಲ್ಲ ಕೆಲಸಕ್ಕೂ ಅನ್ವಯಿಸುವ ಒಂದು ಕನಿಷ್ಠ ಕೂಲಿ ಕಾನೂನು ಆ ಶ್ರೀಮಂತ ದೇಶದಲ್ಲಿ ಇಲ್ಲ. ಊಟದ ಅಂಗಡಿಗಳ ಸಾಲಿನಲ್ಲಿ ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರು ಎಂಜಲು ತಟ್ಟೆ ಎತ್ತುವುದನ್ನು ನಮ್ಮ ತಮ್ಮನೇ ನೋಡಿದ್ದಾನೆ. "ಅಣ್ಣಾ, ಅವ್ರು ಆ ದೇಶದೋರೇ ಕಣಣ್ಣಾ, ನಮ್ಮಂಗೆ ಹೋದೋರಲ್ಲ" ಅಂತ ಫೋನಿನಲ್ಲಿ ಹೇಳಿದ್ದ. ಆ ಅಜ್ಜನಿಗೆ ಹೊಟ್ಟೆ ಉರಿದರೆ ತಪ್ಪೆನ್ನಲು ನಾವ್ಯಾರು?

ಆದರೆ ನಮ್ಮ ಪ್ರಶ್ನೆ ಬೇರೆ. ಜಾಗ ಹಿಡಿದವರು ಯಾರು?

ನಮ್ಮ ತಮ್ಮ ಇದ್ದದ್ದು ಊರಿನ ಅಂಚಿನ ಒಂದು ಡಾರ್ಮಿಟರಿಯಲ್ಲಿ. ಒಂದು ಕೋಣೆಗೆ ಹದಿನಾರು ಜನ, ಮೇಲೊಂದು ಕೆಳಗೊಂದು ಕಬ್ಬಿಣದ ಮಂಚ. ಆಗಿನ ನಿಯಮದ ಪ್ರಕಾರ ಒಬ್ಬನಿಗೆ ಸಿಗಬೇಕಾದ ಜಾಗ ಕನಿಷ್ಠ 4.5 ಚದರ ಮೀಟರು. ಅಡುಗೆ, ಕಕ್ಕಸು, ಬಚ್ಚಲು ಎಲ್ಲ ಸೇರಿಸಿ ಏಳಡಿಗೆ ಏಳಡಿ. ನಾವು ಮೇಷ್ಟ್ರಲ್ಲವೆ, ಒಂದು ದಿನ ಕೂತು ಲೆಕ್ಕ ಹಾಕಿದೆವು. 2020ರಲ್ಲಿ ಡಾರ್ಮಿಟರಿಗಳಲ್ಲಿ ಇದ್ದವರು ಸುಮಾರು 3 ಲಕ್ಷ 20 ಸಾವಿರ. ಅಷ್ಟೂ ಜನಕ್ಕೆ ಆ ನಿಯಮದ ಜಾಗ ಅಳೆದು ಒಂದೇ ಕಡೆ ಹಾಸಿದರೆ ಒಂದೂವರೆ ಚದರ ಕಿಲೋಮೀಟರೂ ಆಗುವುದಿಲ್ಲ. ಹತ್ತು ವರ್ಷದ ಹಿಂದಿನ ಲೆಕ್ಕದಲ್ಲಿ ಅದೇ ದೇಶದ ಗಾಲ್ಫ್ ಮೈದಾನಗಳು ಹಿಡಿದಿದ್ದ ನೆಲ ಸುಮಾರು 1,500 ಹೆಕ್ಟೇರು, ಅಂದರೆ 15 ಚದರ ಕಿಲೋಮೀಟರು. ಚೆಂಡು ಉರುಳಲು ಹತ್ತು ಪಾಲು, ದೇಶ ಕಟ್ಟಿದ ಮೈ ಉರುಳಲು ಒಂದು ಪಾಲು. ನಮ್ಮ ಊರಿನ ನಲವತ್ತು ಎಕರೆ ನಮಗೆ ನೆನಪಾಗದೆ ಇರುತ್ತದೆಯೆ?

ಇನ್ನೊಂದು ವಿಚಿತ್ರ. ಸಾಲದು ಎನ್ನುವ ಆ ನೆಲ ಮೊದಲು ಅಷ್ಟೂ ಇರಲಿಲ್ಲ. 1960ರ ದಶಕದಲ್ಲಿ ಸಿಂಗಾಪುರ ಇದ್ದದ್ದು 580 ಚದರ ಕಿಲೋಮೀಟರು. ಉಳಿದದ್ದು ಸಮುದ್ರಕ್ಕೆ ಮಣ್ಣು ಮರಳು ತುಂಬಿ ಮಾಡಿದ ನೆಲ. ಅದಕ್ಕೂ ಹಿಂದೆ, 1825ರಿಂದ 1873ರವರೆಗೆ, ಇಂಗ್ಲಿಷರು ಇಂಡಿಯಾದಿಂದ ಕೈಕಾಲಿಗೆ ಸಂಕೋಲೆ ಹಾಕಿ ಒಯ್ದ ಕೈದಿಗಳು ಅಲ್ಲಿ ರಸ್ತೆ ಹಾಕಿದರು, ಸೇಂಟ್ ಆಂಡ್ರೂಸ್ ಚರ್ಚು ಕಟ್ಟಿದರು, ಈಗ ರಾಷ್ಟ್ರಪತಿ ಭವನವಾಗಿರುವ ಇಸ್ತಾನಾ ಕಟ್ಟಿದರು. ಮಲಯರನ್ನು ಬಿಟ್ಟರೆ ಅಲ್ಲಿ ಹೆಚ್ಚಿನವರು ಎಂದೋ ಹಡಗು ಹತ್ತಿ ಬಂದವರ ಮಕ್ಕಳು ಮೊಮ್ಮಕ್ಕಳೇ. ಬಂದವರಲ್ಲಿ ಮೊದಲು ಬಂದವರು ಊರು, ಆಮೇಲೆ ಬಂದವರು ಕೇರಿ.

ಕೇರಿ ಅಂತ ನಾವು ಮಾತಿಗೆ ಹೇಳುತ್ತಿಲ್ಲ. 2008ರಲ್ಲಿ ಸೆರಂಗೂನ್ ಗಾರ್ಡನ್ಸ್ ಎಂಬ ಅನುಕೂಲಸ್ಥರ ಬಡಾವಣೆಯ ಹತ್ತಿರ, ಖಾಲಿ ಬಿದ್ದ ಶಾಲೆಯೊಂದನ್ನು ಕೂಲಿಗಳ ಡಾರ್ಮಿಟರಿ ಮಾಡಲು ಸರ್ಕಾರ ಹೊರಟಿತು. ಸಾವಿರಕ್ಕೂ ಹೆಚ್ಚು ಮನೆಯವರು ಬೇಡವೆಂದು ಸಹಿ ಹಾಕಿದರು. ಕಳ್ಳತನವಾಗುತ್ತದೆ, ಗಲೀಜಾಗುತ್ತದೆ, ಹೆಣ್ಣುಮಕ್ಕಳು ಓಡಾಡುವ ಹಾಗಿಲ್ಲ, ಮನೆ ಬೆಲೆ ಬೀಳುತ್ತದೆ. ಕಡೆಗೆ ಡಾರ್ಮಿಟರಿ ಬಂತು. ಆದರೆ ಕೂಲಿಗಳ ಸಂಖ್ಯೆ ಇಳಿಸಿದರು. ಅವರು ಬಡಾವಣೆಯೊಳಗೆ ಕಾಲಿಡದೆ ಹೋಗಿಬರಲು ಒಂದು ಬೇರೆ ರಸ್ತೆ ಮಾಡಿಕೊಟ್ಟರು.

ಬೇರೆ ರಸ್ತೆ! ಇದನ್ನು ತಮ್ಮ ಹೇಳಿದಾಗ ನಮ್ಮಮ್ಮ ನಕ್ಕುಬಿಟ್ಟಳು. "ಅಲ್ಲೂ ನಮ್ಗೆ ಹಿತ್ಲು ದಾರೀನೇ ಏನಪ್ಪಾ?" ಅಂದಳು. ದೇವಸ್ಥಾನದ ಬೀದಿ ಬಿಟ್ಟು ಕೆರೆ ಏರಿ ಸುತ್ತಿ ಬಾವಿಗೆ ಹೋಗುತ್ತಿದ್ದವಳು ಅವಳು. ಬೇರೆ ದಾರಿ ಎಂದರೆ ಏನೆಂದು ಅವಳಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಬಂದವರೆಲ್ಲ ಅಲ್ಲಿ ಒಂದೇ ಅಲ್ಲ. ದೊಡ್ಡ ಸಂಬಳದ ಪರದೇಶಿ ಹೆಂಡತಿ ಮಕ್ಕಳನ್ನು ಕರೆತರಬಹುದು. ಕಾಲಕ್ರಮದಲ್ಲಿ ಅಲ್ಲಿಯವನೇ ಆಗಬಹುದು. ವರ್ಕ್ ಪರ್ಮಿಟ್ಟಿನ ಕೂಲಿ ಸಂಸಾರ ತರುವಂತಿಲ್ಲ. ಆ ದೇಶದ ಹೆಣ್ಣನ್ನು ಮದುವೆಯಾಗಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಮನೆಗೆಲಸಕ್ಕೆ ಬಂದ ಹೆಂಗಸರಿಗೆ ಆರು ತಿಂಗಳಿಗೊಮ್ಮೆ ಗರ್ಭ ಪರೀಕ್ಷೆ. ನಿಂತಿದ್ದರೆ ಕೆಲಸವೂ ಹೋಯಿತು, ಊರಿಗೂ ವಾಪಸ್ಸು. ಕೈ ಬೇಕು, ಕೈಯ ಹಿಂದಿನ ಮನುಷ್ಯ ಬೇಡ. ಇಂಥ ಕಟ್ಟಳೆಗಳು ನಮಗೇನು ಹೊಸವಲ್ಲ.

2013ರ ಡಿಸೆಂಬರ್ 8, ಭಾನುವಾರ. ಲಿಟಲ್ ಇಂಡಿಯಾದಲ್ಲಿ ತಮಿಳುನಾಡಿನ ಒಬ್ಬ ಕೂಲಿ ಬಸ್ಸಿನ ಚಕ್ರಕ್ಕೆ ಸಿಕ್ಕಿ ಸತ್ತ. ಜನ ಕೆರಳಿದರು, ಪೊಲೀಸು ವಾಹನಗಳಿಗೆ ಬೆಂಕಿ ಬಿತ್ತು. ಅಂಥ ದೊಂಬಿಯನ್ನು ಆ ದೇಶ ನಲವತ್ತು ವರ್ಷದಲ್ಲಿ ಕಂಡಿರಲಿಲ್ಲ. ಐವತ್ತಕ್ಕೂ ಹೆಚ್ಚು ಜನರನ್ನು ದೇಶದಿಂದಾಚೆ ಕಳಿಸಿದರು, ಕೆಲವರನ್ನು ಜೈಲಿಗೆ ಹಾಕಿದರು. ಬೆಂಕಿ ಹಚ್ಚಿದ್ದನ್ನು ನಾವು ಹೊಗಳುವುದಿಲ್ಲ. ಆದರೆ ವಾರವೆಲ್ಲ ಲಾರಿಯ ಹಿಂದೆ ಕುರಿಗಳಂತೆ ಕೂತು ಹೋಗಿ ದುಡಿದವರಿಗೆ ಒಂದು ಭಾನುವಾರ, ಒಂದು ಬೀದಿ ಸಿಗುತ್ತಿತ್ತು. ಅದೂ ಗುಂಪು ಅನ್ನಿಸಿತು. ಆ ಗುಂಪನ್ನು 2016ರಲ್ಲಿ ಒಬ್ಬ ಸಂಸದೆ ಪಾರ್ಲಿಮೆಂಟಿನಲ್ಲೇ ನಡೆದಾಡುವ ಟೈಂಬಾಂಬಿಗೆ ಹೋಲಿಸಿದರು. ಆಮೇಲೆ ಕ್ಷಮೆ ಕೇಳಿದರು ಅನ್ನುವುದನ್ನೂ ಹೇಳಬೇಕು.

ಇಕ್ಕಟ್ಟು ಯಾರಿಗೆ ಅನ್ನುವುದನ್ನು ಕೊನೆಗೆ ತೋರಿಸಿಕೊಟ್ಟದ್ದು ಕೊರೋನಾ. 2020ರ ಏಪ್ರಿಲಿನಲ್ಲಿ ಡಾರ್ಮಿಟರಿಗಳ ಬಾಗಿಲು ಮುಚ್ಚಿದರು. ದಿನಾ ರೋಗಿಗಳ ಲೆಕ್ಕ ಕೊಡುವಾಗ ಸಮುದಾಯದಲ್ಲಿ ಇಷ್ಟು, ಡಾರ್ಮಿಟರಿಯಲ್ಲಿ ಇಷ್ಟು ಅಂತ ಎರಡು ಪಟ್ಟಿ. ಆ ವರ್ಷದ ಕೊನೆಗೆ ನೋಡಿದರೆ ಡಾರ್ಮಿಟರಿಯವರಲ್ಲಿ ನೂರಕ್ಕೆ 47 ಜನಕ್ಕೆ ಸೋಂಕು ತಗುಲಿತ್ತು. ಸತ್ತವರು ಕೆಲವೇ ಮಂದಿ. ಸರ್ಕಾರ ಊಟ ಔಷಧಿ ಕೊಟ್ಟು ನೋಡಿಕೊಂಡಿತು. ಆದರೆ ಊರಿನವರು ಜೂನ್ ತಿಂಗಳಿಂದ ಮೆಲ್ಲಗೆ ಹೊರಬಂದರು, ಕೇರಿಯವರು ಕೆಲಸಕ್ಕೆ ಬಿಟ್ಟರೆ ವರ್ಷ ಕಳೆದರೂ ಮನಸ್ಸು ಬಂದ ಕಡೆ ಹೋಗುವಂತಿರಲಿಲ್ಲ. ಹೊಸದಾಗಿ ಕಟ್ಟುವ ಡಾರ್ಮಿಟರಿಯಲ್ಲಿ ಒಂದು ಕೋಣೆಗೆ 12 ಜನಕ್ಕಿಂತ ಹೆಚ್ಚು ಇರಬಾರದು ಅನ್ನುವ ನಿಯಮ ಬಂದದ್ದು 2021ರಲ್ಲಿ, ಇಷ್ಟೆಲ್ಲ ಆದ ಮೇಲೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಬರೆಯುವುದು ನಮಗೆ ಸುಲಭವಾಗುತ್ತಿತ್ತು. ಪರದೇಶದವರನ್ನು ಬೈದು ಕೈ ತೊಳೆದುಕೊಳ್ಳಬಹುದಿತ್ತು.

ಮೇಷ್ಟ್ರ ಕೆಲಸ ಸಿಕ್ಕಿ ನಾವು ಕೇರಿ ಬಿಟ್ಟು ಪೇಟೆ ಸೇರಿದ್ದೆವು. ಲೇಔಟಿನಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದೆವು. ಕಟ್ಟಿದವರು ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರು. ಲೇಔಟಿನ ಕೊನೆಯಲ್ಲಿ ನೀಲಿ ಟಾರ್ಪಾಲಿನ ಇಪ್ಪತ್ತು ಶೆಡ್ಡು. ನೀರಿಲ್ಲ, ಕಕ್ಕಸಿಲ್ಲ. 2021ರ ಬೇಸಿಗೆಯಲ್ಲಿ, ತಮ್ಮ ಅಲ್ಲಿ ಬಾಗಿಲೊಳಗೆ ಇದ್ದಾಗಲೇ, ಇಲ್ಲಿ ಲೇಔಟಿನವರು ಒಂದು ಅರ್ಜಿ ಹಿಡಿದು ಬಂದರು. ಜನ ಜಾಸ್ತಿಯಾದರು, ರೋಗ ಹರಡುತ್ತದೆ, ಗಲೀಜು, ಹೆಣ್ಣುಮಕ್ಕಳು ಓಡಾಡುವ ಹಾಗಿಲ್ಲ. ಅವೇ ಮಾತು. ಒಂದಕ್ಷರ ಬೇರೆ ಇಲ್ಲ. ನಾವು ಸಹಿ ಹಾಕಿದೆವು.

ಯಾಕೆ ಹಾಕಿದೆವು? ಹಾಕದಿದ್ದರೆ ಇವರೂ ಆ ಕಡೆಯವರೇ ಅನ್ನುತ್ತಾರೆ ಎಂಬ ಭಯ. ಲೇಔಟಿನಲ್ಲಿ ನಮ್ಮ ಜಾತಿ ಗೊತ್ತಿದ್ದವರು ಕೆಲವರೇ. ಊರಿನವರಾಗಿ ಉಳಿಯುವ ಆಸೆಗೆ ಕೇರಿಯನ್ನು ಬಿಟ್ಟುಕೊಟ್ಟೆವು.

ಶೆಡ್ಡು ಕಿತ್ತರು. ಸಾಮಾನು ಹೊತ್ತು ಹೊರಟ ಒಬ್ಬ ಹೆಂಗಸು ನಮ್ಮ ಗೇಟಿನ ಮುಂದೆ ನಿಂತಳು. "ಸರ, ನಿಮ್ಮ ಮನಿಗೆ ಇಟ್ಟಂಗಿ ಹೊತ್ತಾಕಿ ನಾನರಿ. ಈಗ ನಾವು ಎಲ್ಲಿಗಿ ಹೋಗಬೇಕ್ರಿ?" ನಾವು ಒಳಗೆ ಬಂದುಬಿಟ್ಟೆವು. ಆಮೇಲೆ ತಿಳಿಯಿತು, ಅವರೂ ಕೇರಿಯಿಂದಲೇ ಬಂದವರು.

ತಮ್ಮನಿಗೆ ಹೇಳದೆ ಇರಲು ಆಗಲಿಲ್ಲ. ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಅಣ್ಣಾ, ಇಲ್ಲಿ ಸಹಿ ಹಾಕ್ದೋರ್ಗೆ ನಾನ್ಯಾರಂತ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತಲ್ಲಣ್ಣಾ."

ಗೆಳೆಯರೇ, ಊರು ತುಂಬಿತು ಅಂತ ಯಾರಾದರೂ ಕಾಗದ ಹಿಡಿದು ಬಂದರೆ ಸಹಿಗೆ ಮುಂಚೆ ಕೇಳಿ. ತುಂಬಿದವರಿಗೆ ಒಬ್ಬೊಬ್ಬರಿಗೆ ಎಷ್ಟಡಿ ಜಾಗ? ತುಂಬಿತು ಅನ್ನುವವರಿಗೆ ಎಷ್ಟು? ಕಡಿಮೆ ಕೂಲಿಗೆ ಅವರನ್ನು ಕರೆತಂದು ಲಾಭ ಉಂಡ ಧಣಿಯ ಹೆಸರು ಅರ್ಜಿಯಲ್ಲಿ ಯಾಕಿಲ್ಲ? ಎಂಜಲು ತಟ್ಟೆ ಎತ್ತುವ ಆ ದೇಶದ ಅಜ್ಜನಿಗೂ, ಲಾರಿಯ ಹಿಂದೆ ಕೂತ ನಮ್ಮ ತಮ್ಮನಿಗೂ ಶತ್ರು ಒಬ್ಬನೇ. ಆ ಮಾತು ಇಬ್ಬರಿಗೂ ತಿಳಿಯದ ಹಾಗೆ ನಡುವೆ ಒಂದು ಬೇರೆ ರಸ್ತೆ ಹಾಕಿದ್ದಾರೆ, ಅಷ್ಟೆ.

ತಮ್ಮ 2022ರಲ್ಲಿ ವಾಪಸ್ಸು ಬಂದ. ಲೇಔಟಿನ ಆಚೆ ಈಗ ಮತ್ತೆ ನೀಲಿ ಶೆಡ್ಡುಗಳು ಎದ್ದಿವೆ. ಈ ಸಲ ಅರ್ಜಿ ನಾವೇ ಬರೆದಿದ್ದೇವೆ: ಅವರಿಗೆ ನೀರಿನ ನಲ್ಲಿ ಬೇಕು, ಕಕ್ಕಸು ಬೇಕು, ಮಕ್ಕಳಿಗೆ ಶಾಲೆಯಲ್ಲಿ ಜಾಗ ಬೇಕು. ಮನೆಮನೆಗೆ ಹಿಡಿದು ಹೋಗುತ್ತಿದ್ದೇವೆ. ಇಲ್ಲಿಯವರೆಗೆ ಬಿದ್ದಿರುವುದು ಹನ್ನೊಂದು ಸಹಿ. ಮೊದಲನೆಯದು ತಮ್ಮನದು.